ಗಾಳದ ರಾಟೆ

ಮೀನನ್ನು ಹೊಸ್ತಿಲೊಳಗೆ ಬಿಡದ ಮನೆತನದಲ್ಲಿ ಹುಟ್ಟಿ, ಮೀನು ಹಿಡಿಯುವ ಸಲಕರಣೆಗಳನ್ನು ಕೂಡಿಹಾಕುತ್ತಿರುವ ನಮ್ಮ ವಿಷಯದಲ್ಲಿ ನೆಂಟರಿಷ್ಟರು ಏನೇನು ಆಡಿಕೊಳ್ಳುವರೆಂಬುದು ನಮಗೆ ತಿಳಿಯದ ಸಂಗತಿಯಲ್ಲ. “ಬೆಕ್ಕು ಕಾಶಿಗೆ ಹೊರಟ ಕಥೆಯನ್ನು ಕೇಳಿದ್ದೆವು, ಕಾಶಿಗೆ ಹೊರಡುವ ವಯಸ್ಸಿನವರು ಬೆಕ್ಕಾದುದನ್ನು ಈಗ ಕಂಡೆವು” ಎಂದು ನಮ್ಮ ಷಡ್ಡಕರು ಒಮ್ಮೆ ಊಟದ ಪಂಕ್ತಿಯಲ್ಲಿಯೇ ಅಂದುಬಿಟ್ಟರು. ಅವರಿಗೆ ನಾವು ಉತ್ತರ ಹೇಳಲಿಲ್ಲ. ಆದರೆ ವಾಚಕರಲ್ಲಿ ಮುಚ್ಚುಮರೆಯೇಕೆ? ಈ ಹವ್ಯಾಸಕ್ಕೆ ಮೂಲವು ನಾವು ಬಾಲ್ಯದಲ್ಲಿ ಮಾಡಿದ ಒಂದು ತಪ್ಪು.

ನಮ್ಮ ತಾತನವರು ಕೊಡಗಿನ ಒಂದು ಕಾಫಿ ತೋಟದಲ್ಲಿ ಗುಮಾಸ್ತೆಯಾಗಿದ್ದರು. 1947ರ ತರುವಾಯ ಆ ತೋಟದ ದೊರೆ ಸ್ವದೇಶಕ್ಕೆ ಹೊರಟಾಗ, ಹೊತ್ತುಕೊಂಡು ಹೋಗಲಾರದ ಸಾಮಾನುಗಳನ್ನು ತನ್ನ ಕೈಕೆಳಗಿನವರಿಗೆ ಹಂಚಿದನಂತೆ. ತಾತನವರ ಪಾಲಿಗೆ ಬಂದ ಟ್ರಂಕಿನಲ್ಲಿ ಒಂದು ದುಂಡನೆಯ ಚರ್ಮದ ಪೆಟ್ಟಿಗೆಯೂ, ಅದರೊಳಗೆ ಅಂಗೈಗಿಂತ ತುಸು ಅಗಲವಾದ ಲೋಹದ ಚಕ್ರವೂ ಇದ್ದುವು. ಹಿಡಿಯನ್ನು ತಿರುಗಿಸಿದರೆ ಅದು ಜೀರುಂಡೆಯಂತೆ ಕಿರ್ರೆನ್ನುತ್ತಿತ್ತು. ದೊರೆಯು ಕಾವೇರಿಯಲ್ಲಿ ಹರಿಗೋಲನ್ನೇರಿ, ಇದನ್ನು ಗಾಳದ ಕೋಲಿಗೆ ಕಟ್ಟಿ ಬಿಳಿಮೀನನ್ನು ಹಿಡಿಯುತ್ತಿದ್ದುದನ್ನು ತಾತನವರು ಕಣ್ಣಾರೆ ಕಂಡಿದ್ದರು. ಆದರೆ ಮಡಿವಂತರಾದ ಅಜ್ಜಿಯವರಿಗೆ ಹಾಗೆಂದು ಹೇಳುವ ಧೈರ್ಯವಾಗದೆ, “ಇದೊಂದು ಯಂತ್ರ” ಎಂದಷ್ಟೇ ಹೇಳಿಬಿಟ್ಟರು.

ಯಂತ್ರವೆಂದ ಮೇಲೆ ಅದು ಆಯುಧಪೂಜೆಗೆ ಬರಬೇಕಷ್ಟೆ! ವರ್ಷವರ್ಷವೂ ಈಳಿಗೆಮಣೆ, ಅಡಕತ್ತರಿ, ಹೊಲಿಗೆಯ ಯಂತ್ರಗಳ ಸಾಲಿನಲ್ಲಿ ಅದಕ್ಕೂ ಒಂದು ಸ್ಥಾನ ದೊರೆಯಿತು. ಅದರ ಹಿತ್ತಾಳೆಯ ಮುಖ ಮಾತ್ರ ಕಂದುಗಪ್ಪಾಗಿ ಮಂಕಾಗಿತ್ತು. “ದೇವರ ಮುಂದೆ ಇಡುವ ಸಾಮಾನು ಹೀಗಿರಬಹುದೇನೋ? ತಿಕ್ಕಿ ತಾ” ಎಂದು ಅಜ್ಜಿಯವರು ಹುಣಸೆಹಣ್ಣನ್ನೂ ಇಟ್ಟಿಗೆಯ ಪುಡಿಯನ್ನೂ ನಮ್ಮ ಕೈಗೆ ಕೊಟ್ಟರು. ಆಗ ನಮಗೆ ಹತ್ತು ವರ್ಷ. ಬಾವಿಕಟ್ಟೆಯ ಮೇಲೆ ಕುಳಿತು, ತೋಳು ಸೋಲುವವರೆಗೆ ತಿಕ್ಕಿದೆವು. ಕಪ್ಪೆಲ್ಲ ಹೋಗಿ ಚಕ್ರವು ಬಂಗಾರದಂತೆ ಹೊಳೆಯಿತು. ಶಭಾಸ್‌ಗಿರಿಯೂ ಒಂದು ಹಿಡಿ ಸಜ್ಜಪ್ಪವೂ ದೊರೆತುವು. ಮುಂದೆ ಆರು ವರ್ಷ ಆ ಕೆಲಸವು ನಮ್ಮದೇ ಆಯಿತು. ಮುಖದ ಮೇಲೆ ಒಂದು ಸಣ್ಣ ಚಿತ್ರವೂ ಕೆಲವು ಅಕ್ಷರಗಳೂ ಇದ್ದುದು ನೆನಪಿದೆ. ಅವು ಸವೆದು ಸವೆದು ಕಡೆಗೆ ಬೆರಳಿಗೆ ಮಾತ್ರ ತಿಳಿಯುವಂತಾದುವು.

ಅನಂತರ ನಾಲ್ಕು ದಶಕಗಳು ಕಳೆದು, ಹಳೆಯ ಮನೆಯನ್ನು ಮಾರುವ ಕಾಲದಲ್ಲಿ ಅಟ್ಟದಿಂದ ಆ ಪೆಟ್ಟಿಗೆ ಮತ್ತೆ ಕೆಳಗಿಳಿಯಿತು. ಇಂತಹ ವಸ್ತುಗಳನ್ನು ಬಲ್ಲ ಒಬ್ಬ ಆಂಗ್ಲ ಮಹನೀಯರಿಗೆ ಅದರ ಛಾಯಾಚಿತ್ರಗಳನ್ನು ಕಳುಹಿಸಿದೆವು. ಅವರ ಉತ್ತರವು ಎರಡೇ ವಾರದಲ್ಲಿ ಬಂದಿತು. ಅದು ಇಂಗ್ಲೆಂಡಿನ ಉತ್ತರದ ತುದಿಯಲ್ಲಿರುವ ಆನಿಕ್ ಎಂಬ ಊರಿನ ಹಾರ್ಡಿ ಸಹೋದರರ ‘ಪರ್ಫೆಕ್ಟ್’ ಎಂಬ ರೀಲು. ಒಳಗಿನ ರಚನೆಯಿಂದ ನೋಡಿದರೆ ಮೊದಲನೆಯ ಮಹಾಯುದ್ಧಕ್ಕೆ ಹಿಂದಿನದು. ಇಷ್ಟನ್ನು ಹೇಳಿ, ಅವರು ಬಹು ವಿನಯದಿಂದ ಒಂದು ಪ್ರಶ್ನೆಯನ್ನು ಕೇಳಿದ್ದರು: ಇದರ ಮುಖವನ್ನು ಇಷ್ಟು ತಿಕ್ಕಿದವರು ಯಾರು?

ನಾವು ಕಿಲುಬೆಂದು ತಿಳಿದು ತೆಗೆದದ್ದು ತಯಾರಕರು ಬೇಕೆಂದೇ ಕೊಟ್ಟ ಬಣ್ಣವಾಗಿತ್ತು. ನೀರಿನ ಮೇಲೆ ಬಿಸಿಲಿಗೆ ಹಿತ್ತಾಳೆ ಮಿಂಚಿದರೆ ಮೀನು ಬೆದರುವುದೆಂದು ಅದಕ್ಕೆ ಕಂಚಿನ ಮಂಕುಬಣ್ಣವನ್ನು ಹಿಡಿಸುತ್ತಿದ್ದರು. ಸವೆದುಹೋದ ಚಿತ್ರವು ಗಾಳದ ಕೋಲನ್ನು ಹಿಡಿದ ಒಂದು ಕೈ. ಅದು ಆ ಕಾರ್ಖಾನೆಯ ಗುರುತು. ಪತ್ರವನ್ನು ಮಡಿಸಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತೆವು. ಅಜ್ಜಿಯವರ ಮೇಲೆ ತಪ್ಪು ಹೊರಿಸಲು ಮನಸ್ಸು ಬರಲಿಲ್ಲ. ತಿಕ್ಕಿದ ಕೈ ನಮ್ಮದು.

ಆಗ ಹುಟ್ಟಿದ ಕುತೂಹಲವು ಇಂದಿಗೂ ತಗ್ಗಿಲ್ಲ. ವಿಲಿಯಂ ಹಾರ್ಡಿ ಎಂಬಾತನು 1872ರಲ್ಲಿ ಆನಿಕ್‌ನಲ್ಲಿ ಬಂದೂಕಿನ ಅಂಗಡಿಯನ್ನು ತೆರೆದನು. ಸ್ವಲ್ಪ ಕಾಲದಲ್ಲಿಯೇ ತಮ್ಮನಾದ ಜಾನ್ ಜೇಮ್ಸ್ ಬಂದು ಕೂಡಿಕೊಂಡನು. ಬಂದೂಕು ಹಿಂದಕ್ಕೆ ಸರಿದು ಗಾಳದ ಕೋಲು ಮುಂದಕ್ಕೆ ಬಂದಿತು. ‘ಪರ್ಫೆಕ್ಟ್’ ರೀಲು 1891ರಿಂದ ತಯಾರಾಗತೊಡಗಿತು. ಸೈಕಲ್ಲಿನ ಚಕ್ರದಲ್ಲಿರುವಂತೆ ಅದರೊಳಗೆ ಸಣ್ಣ ಲೋಹದ ಗುಂಡುಗಳ ಮೇಲೆ ಉರುಳೆ ಸುತ್ತುತ್ತದೆ. ಒಳಗಡೆ ಒಂದು ಹಲ್ಲುಚಕ್ರವಿದೆ. ಸ್ಪ್ರಿಂಗು ಒತ್ತುವ ನಾಲಿಗೆಯೊಂದು ಅದರ ಹಲ್ಲುಗಳನ್ನು ಸವರುತ್ತಿರುವುದರಿಂದಲೇ ಆ ಜೀರುಂಡೆಯ ಸದ್ದು. ಸದ್ದು ಬರಿಯ ಅಲಂಕಾರವೆಂದು ನಾವು ಭಾವಿಸಿದ್ದೆವು. ಮೀನು ದಾರವನ್ನು ಎಳೆದುಕೊಂಡು ಓಡುವಾಗ ಉರುಳೆಯು ಮಿತಿಮೀರಿ ಸುತ್ತಿ ದಾರ ಸಿಕ್ಕಾಗದಂತೆ ತಡೆಯುವುದು ಈ ನಾಲಿಗೆಯೇ. ಇದರ ರೂಪವನ್ನು ಕಾರ್ಖಾನೆಯವರು ಕಾಲಕಾಲಕ್ಕೆ ಬದಲಾಯಿಸಿದರು. ಆದುದರಿಂದ ಸಂಗ್ರಾಹಕರು 1912ರ ಬಗೆ, 1917ರ ಬಗೆ ಎಂದು ಹೆಸರಿಟ್ಟು, ಇದನ್ನು ನೋಡಿಯೇ ರೀಲಿನ ವಯಸ್ಸನ್ನು ಹೇಳುತ್ತಾರೆ, ಹಲ್ಲನ್ನು ನೋಡಿ ಎತ್ತಿನ ವಯಸ್ಸನ್ನು ಹೇಳುವಂತೆ.

ಇಂತಹ ಯಂತ್ರಕ್ಕೂ ನಮ್ಮ ಹೊಳೆಗಳಿಗೂ ಏನು ಸಂಬಂಧವೆಂದು ಕೇಳುವವರಿಗೆ ಒಂದು ಮಾತು. ಭಾರತದಲ್ಲಿ ಗಾಳ ಹಾಕುವುದನ್ನು ಕುರಿತ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪ್ರಸಿದ್ಧ ಗ್ರಂಥವು 1873ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಅದನ್ನು ಬರೆದ ಹೆನ್ರಿ ಸಲ್ಲಿವನ್ ಥಾಮಸ್ ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದವನು. ಬಿಳಿಮೀನಿನ, ಎಂದರೆ ಮಹಶೀರಿನ, ಓಟದ ಮುಂದೆ ತನ್ನ ನಾಡಿನ ಸಾಲ್ಮನ್ ಮೀನಿನ ಓಟವು ಕಡಿಮೆಯೆಂದು ಅವನು ವಾದಿಸಿದ್ದಾನೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಪಿಲೆಯಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತು. ಒಬ್ಬ ಆಳಿನ ತೂಕದ ಮೀನು ನೂರಾರು ಅಡಿ ದಾರವನ್ನು ಎಳೆದುಕೊಂಡು ಬಂಡೆಗಳ ನಡುವೆ ಧಾವಿಸುವಾಗ, ಮನುಷ್ಯನಿಗೂ ಅದಕ್ಕೂ ನಡುವೆ ಇರುವುದು ಈ ಪುಟ್ಟ ಉರುಳೆಯೊಂದೇ!

ಆಂಗ್ಲ ಮಹನೀಯರ ಸೂಚನೆಯಂತೆ ನಮ್ಮ ರೀಲನ್ನು ಬಿಚ್ಚಿದ ದಿನವನ್ನು ಮರೆಯಲಾರೆವು. ಮೊದಲು ಗಡಿಬಿಡಿಯಿಂದ, ಹೊಲಿಗೆಯಂತ್ರಕ್ಕೆಂದು ಇಟ್ಟಿದ್ದ ತಿರುಪುಳಿಯನ್ನು ಹಾಕಿ ಒಂದು ತಿರುಪಿನ ತಲೆಯನ್ನು ಕೆಡಿಸಿದೆವು. ಬುದ್ಧಿ ಬಂದದ್ದು ಆಮೇಲೆ. ಒಳಗೆ ಎಣ್ಣೆ ಒಣಗಿ ಅರಗಿನಂತಾಗಿತ್ತು. ಅದನ್ನು ಮೃದುವಾಗಿ ಒರಸಿದಾಗ ಲೋಹದಲ್ಲಿ ಒತ್ತಿದ ಎರಡು ಅಕ್ಷರಗಳು ಕಂಡುವು. ಕಾರ್ಖಾನೆಯ ಕೆಲಸಗಾರರು ತಾವು ಜೋಡಿಸಿದ ರೀಲಿನ ಒಳಮೈಯಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳನ್ನು ಒತ್ತುತ್ತಿದ್ದರು. ನಮ್ಮ ಹುಣಸೆಹಣ್ಣು ಅಲ್ಲಿಗೆ ತಲುಪಿರಲಿಲ್ಲ. ಅಂಗಡಿಯ ಹೆಸರು ಹೊರಗೆ ಅಳಿಸಿಹೋಗಿದ್ದರೂ ಮಾಡಿದ ಕೈಯ ಗುರುತು ಒಳಗೆ ಹಾಗೆಯೇ ಉಳಿದಿತ್ತು. ಕನ್ನಡಕವನ್ನು ತೆಗೆದು ಒರಸಿಕೊಳ್ಳಬೇಕಾಯಿತೆಂದು ಹೇಳಲು ನಮಗೆ ನಾಚಿಕೆಯಿಲ್ಲ.

ಈ ಪದಾರ್ಥದ ಚರಿತ್ರೆಯೆಲ್ಲವೂ ಇಂತಹ ಕೈಗಳ ಚರಿತ್ರೆಯೇ. ಅಮೆರಿಕದ ಕೆಂಟಕಿಯಲ್ಲಿ, ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ, ಹಿಡಿಯು ಒಂದು ಸುತ್ತು ತಿರುಗಿದರೆ ಉರುಳೆಯು ಹಲವು ಸುತ್ತು ತಿರುಗುವ ರೀಲನ್ನು ಮಾಡಿದ ಜಾರ್ಜ್ ಸ್ನೈಡರ್ ಗಡಿಯಾರ ಮಾಡುವವನು. ಅವನ ದಾರಿಯಲ್ಲಿ ನಡೆದ ಮೀಕ್ ಸಹೋದರರೂ ಅದೇ ಕಸುಬಿನವರು. ಅಲ್ಲಿಯ ಹಳೆಯ ರೀಲುಗಳಲ್ಲಿ ತಿರುಪುಗಳಿಗೂ ಅವುಗಳ ತೂತುಗಳಿಗೂ ಅಂಕೆ ಹಾಕಿರುವುದುಂಟು. ಒಂದರ ತಿರುಪು ಇನ್ನೊಂದರ ತೂತಿಗೆ ಹೋಗಕೂಡದು. ಉರುಳೆಯೇ ಸುತ್ತದೆ ದಾರವು ತುದಿಯಿಂದ ಜಾರಿಹೋಗುವ ರೀಲಿಗೆ 1905ರಲ್ಲಿ ಸನ್ನದು ಪಡೆದ ಇಲ್ಲಿಂಗ್‌ವರ್ತ್ ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಯವನು. ಗಿರಣಿಯ ಕದಿರುಗಳಿಂದ ನೂಲು ಬಿಚ್ಚಿಕೊಳ್ಳುವುದನ್ನು ದಿನವೂ ಕಂಡವನಿಗೆ ಈ ಉಪಾಯ ಹೊಳೆದುದರಲ್ಲಿ ಆಶ್ಚರ್ಯವೇನು!

ಈಗ ನಮ್ಮ ಬೀರುವಿನಲ್ಲಿ ಏಳು ರೀಲುಗಳಿವೆ. ಬೆಲೆಬಾಳುವುದು ಒಂದೋ ಎರಡೋ. ನಾಟಿಂಗ್‌ಹ್ಯಾಂ ಮಾದರಿಯ ಆಕ್ರೋಟು ಮರದ ರೀಲೊಂದು ನಮ್ಮ ಬೇಸಗೆಗೆ ಬಿರಿದು, ಮಳೆಗಾಲಕ್ಕೆ ಉಬ್ಬಿ, ತಿರುಗುವುದನ್ನೇ ನಿಲ್ಲಿಸಿದೆ. ಗುಜರಿಯವರಿಂದ ಕೊಂಡ ಇನ್ನೊಂದು, ಮೂರು ರೀಲುಗಳ ಅವಯವಗಳನ್ನು ಸೇರಿಸಿ ಮಾಡಿದ ಜರಾಸಂಧ. ಬೀರುವಿಗಿಂತ ಹೆಚ್ಚಾಗಿ ನಾವು ಕಾಪಾಡುತ್ತಿರುವುದು ಅದರ ಪಕ್ಕದ ಲೆಕ್ಕದ ಪುಸ್ತಕವನ್ನು. ಯಾವ ರೀಲು ಯಾರ ಮನೆಯಿಂದ ಬಂದಿತು, ಯಾವ ಅಕ್ಷರವಿದೆ, ಯಾವ ತಿರುಪು ಬದಲಾಗಿದೆ, ಯಾವುದನ್ನು ನಾವೇ ಕೆಡಿಸಿದೆವು ಎಂಬುದೆಲ್ಲ ಅದರಲ್ಲಿದೆ. ಹಾರ್ಡಿಯವರು ಹೊರಡಿಸುತ್ತಿದ್ದ ಬೆಲೆಪಟ್ಟಿಗಳ ನಾಲ್ಕು ಸಂಪುಟಗಳೂ ಇವೆ. ಹೊಸ ಪಟ್ಟಿ ಬಂದೊಡನೆ ಹಳೆಯದನ್ನು ಒಲೆಗೆ ಹಾಕುವುದು ಎಲ್ಲ ದೇಶಗಳ ಗೃಹಸ್ಥರ ಪದ್ಧತಿಯಾದುದರಿಂದ, ಇವು ರೀಲಿಗಿಂತಲೂ ಕಷ್ಟದಿಂದ ಸಿಕ್ಕುತ್ತವೆ.

ಆ ಪುಸ್ತಕದ ಮೊದಲನೆಯ ಪುಟದಲ್ಲಿ ಒಂದು ಸಾಲು ಖಾಲಿಯಿದೆ. ದೊರೆಯ ಹರಿಗೋಲಿಗೆ ಹುಟ್ಟು ಹಾಕುತ್ತಿದ್ದವನೊಬ್ಬನಿದ್ದ. ಮೀನು ಯಾವ ಮಡುವಿನಲ್ಲಿದೆಯೆಂದು ನೀರಿನ ಬಣ್ಣವನ್ನು ನೋಡಿ ಹೇಳುತ್ತಿದ್ದನೆಂದು ತಾತನವರು ಎಷ್ಟೋ ಸಲ ವರ್ಣಿಸಿದ್ದರು. ಅವನ ಹೆಸರನ್ನೂ ಹೇಳಿದ್ದರು. ನಾವು ಕೇಳಿಸಿಕೊಂಡೆವೇ ಹೊರತು ಬರೆದಿಡಲಿಲ್ಲ. ಈಗ ಕೇಳೋಣವೆಂದರೆ ತಾತನವರಿಲ್ಲ. ಅವನು ತೋರಿಸುತ್ತಿದ್ದ ಮೀನಿಗೂ ಕುತ್ತು ಬಂದಿದೆ: ಕಾವೇರಿಯ ಗೂನುಬೆನ್ನಿನ ಮಹಶೀರನ್ನು 2018ರಲ್ಲಿ ಅತಿ ಗಂಡಾಂತರಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಿದರು.

ಕಳೆದ ಆಯುಧಪೂಜೆಯ ದಿನ ನಮ್ಮ ಮೊಮ್ಮಗಳು ಹುಣಸೆಹಣ್ಣಿನ ಬಟ್ಟಲನ್ನು ಹಿಡಿದು, “ತಾತಾ, ಇದನ್ನೂ ತಿಕ್ಕಿಕೊಡಲೇ?” ಎಂದು ಬೀರುವಿನ ಮುಂದೆ ನಿಂತಳು. ಬಟ್ಟಲನ್ನು ಅಡಿಗೆಮನೆಗೆ ಕಳುಹಿಸಿ, ಅವಳ ಕೈಗೆ ಒಂದು ಒಣ ಮಲ್ಲುಬಟ್ಟೆಯನ್ನು ಕೊಟ್ಟೆವು. ರೀಲನ್ನು ಬಿಚ್ಚಿ ಆ ಎರಡಕ್ಷರಗಳನ್ನು ತೋರಿಸಿದೆವು. ಕುಂಕುಮವನ್ನು ಹಿತ್ತಾಳೆಗೆ ಸೋಕಿಸದೆ, ಚರ್ಮದ ಪೆಟ್ಟಿಗೆಗೂ ಹಚ್ಚದೆ, ಎರಡನ್ನೂ ಇಟ್ಟ ಮಣೆಯ ಅಂಚಿಗೆ ಇಟ್ಟೆವು.