ಗಾಡಿ ಕಥೆ 4: ಹೊಳೀಬಾರದ ಟ್ಯಾಂಕು

ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ. ಕಪ್ಪು ಟ್ಯಾಂಕ್ ಮೇಲೆ ಅಂಗೈಯಗಲ ಜಾಗ ಮಾತ್ರ ಪಳಪಳ ಅಂತಿದೆಯಲ್ಲ, ಅದು ನನ್ನ ಕೆಲಸ. ಬೈಕ್ ಅಣ್ಣಂದು. ನೈಟ್ ಶಿಫ್ಟ್ ಮಾಡಿ ಕಂತು ಕಟ್ತಿರೋ ಗಾಡಿ.

ಹೋದ ವರ್ಷ, ಆಯುಧಪೂಜೆ ಹಿಂದಿನ ದಿನ. ನಮ್ಮ ಅರಿಶಿನಕುಂಟೆ ಗೊತ್ತಲ್ಲ, ತುಮಕೂರು ರೋಡಿನ ಲಾರಿ ಧೂಳೆಲ್ಲ ಗಾಡಿ ಮೇಲೇ. ಅಣ್ಣ ಮಲಗಿದ್ದ. ಅವನು ಏಳೋಷ್ಟರಲ್ಲಿ ಗಾಡಿ ಮಿಂಚಬೇಕು ಅಂತ ವ್ಯಾಕ್ಸ್ ಪಾಲಿಶ್ ತಂದು ಗಸಗಸ ಉಜ್ಜಿದೆ. ಮಿಂಚ್ತು. ಅದೇ ಎಡವಟ್ಟಾಗಿದ್ದು.

ಅದು ಮ್ಯಾಟ್ ಪೇಂಟ್. ಮ್ಯಾಟ್ ಅಂದ್ರೆ ಬಣ್ಣ ಮಂಕಾಗಿದೆ ಅಂತಲ್ಲ. ಮೇಲಿನ ಕ್ಲಿಯರ್ ಕೋಟ್ ಕಣ್ಣಿಗೆ ಕಾಣದಷ್ಟು ತರಿತರಿಯಾಗಿರುತ್ತೆ, ಬಿದ್ದ ಬೆಳಕು ಚದುರಿ ಹೋಗುತ್ತೆ. ವ್ಯಾಕ್ಸ್ ಆ ತಗ್ಗುಗಳಲ್ಲಿ ತುಂಬ್ಕೊಳ್ಳುತ್ತೆ, ಉಜ್ಜಿದ್ರೆ ಉಬ್ಬುಗಳು ಸವೆಯುತ್ತೆ. ಆಗ ಆ ಜಾಗ ನುಣುಪಾಗಿ ಹೊಳೆಯುತ್ತೆ. ಮಾಮೂಲಿ ಪೇಂಟಲ್ಲಿ ಸಣ್ಣ ಗೀರಾದ್ರೆ ಬಫ್ ಮಾಡಿ ತೆಗೀಬಹುದು, ಇಲ್ಲಿ ಆಗಲ್ಲ. ಪೇಂಟರ್ ಹೇಳಿದ್ದು ಇಷ್ಟೇ: "ಪ್ಯಾಚ್ ಹೊಡೆದ್ರೆ ಗೊತ್ತಾಗುತ್ತೆ, ಟ್ಯಾಂಕ್ ಪೂರ್ತಿ ಹೊಡೀಬೇಕು."

ಅಣ್ಣ ಎದ್ದು ಬಂದು ನೋಡಿದ. ಆ ಜಾಗದ ಮೇಲೆ ಒಂದ್ಸಲ ಕೈ ಆಡಿಸಿದ. "ಹೋಗು, ಪೂಜೆಗೆ ಹೂವ ತಗೊಂಬಾ" ಅಂದ. ಬೈದಿದ್ರೇ ವಾಸಿ ಇತ್ತು.

2018ರಲ್ಲಿ ಎನ್‌ಟಾರ್ಕ್ ಬಂದಿದ್ದೇ ಮ್ಯಾಟ್ ಬಣ್ಣಗಳಲ್ಲಿ. ನಿಮ್ಮಲ್ಲೂ ತುಂಬಾ ಜನರ ಹತ್ರ ಮ್ಯಾಟ್ ಗಾಡಿ ಇದೆ. ಹಬ್ಬ ಹತ್ರ ಬಂತು, ಅದಕ್ಕೇ ಹೇಳ್ತಿದೀನಿ:

• ವಾಟರ್ ಸರ್ವಿಸ್‌ಗೆ ಬಿಟ್ರೆ ಬ್ರಷ್, ಡೀಸೆಲ್, ಪಾಲಿಶ್ ಮೂರೂ ಬೇಡ ಅಂತ ಮೊದಲೇ ಹೇಳಿ.

• ಮನೇಲಾದ್ರೆ ನೆರಳಲ್ಲಿ, ಗಾಡಿ ತಣ್ಣಗಾದ ಮೇಲೆ ತೊಳೀರಿ. ಮೊದಲು ಬರೀ ನೀರು ಹಾಕಿ ಧೂಳು ಇಳಿಸಿ. ಆಮೇಲೆ ವ್ಯಾಕ್ಸ್ ಇಲ್ಲದ, ಮ್ಯಾಟ್‌ಗೆ ಅಂತಲೇ ಬರೋ ಶಾಂಪೂ. ಎರಡು ಬಕೆಟ್ ಇಡಿ: ಒಂದು ಶಾಂಪೂಗೆ, ಇನ್ನೊಂದು ಬಟ್ಟೆ ಜಾಲಿಸೋಕೆ.

• ಉಜ್ಜಬೇಡಿ. ಮೈಕ್ರೋಫೈಬರ್ ಬಟ್ಟೆ ಒತ್ತಿ ನೀರು ತೆಗೀರಿ. ಬೋರ್ ನೀರು ಹಾಗೇ ಒಣಗಿದ್ರೆ ಬಿಳಿ ಕಲೆ ಕೂತ್ಕೊಳ್ಳುತ್ತೆ.

• ಪೆಟ್ರೋಲ್ ಚೆಲ್ಲಿದ್ರೆ ಆಗಲೇ ಒರೆಸಿ. ಹಕ್ಕಿ ಹಿಕ್ಕೆ ಒಣಗಿದ್ರೆ ಕೆರೀಬೇಡಿ, ಒದ್ದೆ ಬಟ್ಟೆ ಹಾಕಿ ನೆನೆಸಿ ತೆಗೀರಿ.

• ಧೂಳಿರೋ ಗಾಡಿ ಮೇಲೆ ಕವರ್ ಹಾಕಬೇಡಿ. ಗಾಳಿಗೆ ಕವರ್ರೇ ಉಜ್ಜುತ್ತೆ.

• ದುಡ್ಡಿದ್ರೆ ಮ್ಯಾಟ್ ಸೀಲೆಂಟ್ ಅಥವಾ ಮ್ಯಾಟ್ ಪಿಪಿಎಫ್ ಹಾಕಿಸಿ. ಗ್ಲಾಸಿ ಪಿಪಿಎಫ್ ಹಾಕಿಸಿದ್ರೆ ಮ್ಯಾಟ್ ಲುಕ್ಕೇ ಹೋಗುತ್ತೆ.

• ಪೂಜೆ ದಿನ ಅರಿಶಿನ ಕುಂಕುಮ ಹೆಡ್‌ಲೈಟ್ ಗ್ಲಾಸಿಗೆ, ಟೈರಿಗೆ ಇಡಿ. ಟ್ಯಾಂಕಿಗೆ ಬೇಡ, ತರಿಯೊಳಗೆ ಕೂತ್ಕೊಳ್ಳುತ್ತೆ.

ಟ್ಯಾಂಕ್ ಪೇಂಟಿಗೆ ಅಂತ ದುಡ್ಡು ಕೂಡಿಡ್ತಿದೀನಿ. ಅಣ್ಣನಿಗೆ ಹೇಳಿದ್ರೆ, "ಬಿಡೋ, ಪಾರ್ಕಿಂಗಲ್ಲಿ ನಮ್ ಗಾಡಿ ಬೇಗ ಗುರುತು ಸಿಗುತ್ತೆ" ಅಂತಾನೆ. ಆದ್ರೂ ಪೆಟ್ರೋಲ್ ಹಾಕಿಸುವಾಗ ಆ ಜಾಗದ ಮೇಲೇ ಕೈ ಇಟ್ಕೊಂಡು ನಿಂತಿರ್ತಾನೆ. ನಾನು ನೋಡಿದೀನಿ.

ಉಳಿದ ಪಾಲಿಶ್ ಅಪ್ಪನ ಹಳೇ ಟಿವಿಎಸ್‌ಗೆ ಹೋಯ್ತು. ಅದು ಮಾತ್ರ ಮಿಂಚ್ತಿದೆ.

ಮ್ಯಾಟ್ ಗಾಡಿ ಇರೋ ಫ್ರೆಂಡ್‌ಗೆ ಹಬ್ಬಕ್ಕೆ ಮುಂಚೆನೇ ಕಳಿಸಿ.

#ಗಾಡಿಕಥೆ #ಅರಿಶಿನಕುಂಟೆ #ಆಯುಧಪೂಜೆ