ಮೂರು ಊರು ತಿರುಗಿ ಹುಡುಕಿದ ಸಭೆ

ನಮ್ಮ ಕಡೆಗೆ ರೈಲಿನಲ್ಲಿ ಬಂದವರಿಗೆ ಬೀರೂರು ಜಂಕ್ಷನ್ ಗೊತ್ತೇ ಇರುತ್ತದೆ. ಬೆಂಗಳೂರಿನಿಂದ ಕಡೂರು ದಾಟಿ ಬಂದ ದಾರಿ ಇಲ್ಲಿ ಎರಡಾಗುತ್ತದೆ. ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ. ಕಡೂರಿನ ಸುತ್ತ ತೆಂಗು, ತರೀಕೆರೆಯಲ್ಲಿ ಅಡಿಕೆ, ಅಜ್ಜಂಪುರದಲ್ಲಿ ಈರುಳ್ಳಿ ಹೊಲ, ಅಮೃತಮಹಲ್ ಹಸುಗಳ ಕಾವಲು. ಕೆಮ್ಮಣ್ಣುಗುಂಡಿಗೆ ಹೋಗುವವರು, ಅಮೃತಾಪುರದ ಹೊಯ್ಸಳರ ಗುಡಿ ನೋಡುವವರು ತರೀಕೆರೆಯಲ್ಲಿ ಇಳಿಯುತ್ತಾರೆ. ಮಕ್ಕಳ ನಾಲಿಗೆ ತೊಡರಿಸುವ ಮಾತಿನಲ್ಲಿ ಕುರಿಮರಿ ಮೇಯುವುದೂ ಇದೇ ತರೀಕೆರೆಯ ಏರಿಯ ಮೇಲೆಯೇ! ಆದರೆ ಅಕ್ಕನ ಜೊತೆ ನಾನು ಈ ಮೂರು ಊರು ತಿರುಗಿದ್ದು ಗುಡಿ ನೋಡಲಿಕ್ಕಲ್ಲ. ಕುಡಿತ ಬಿಡಬೇಕೆಂದು ಭಾವನವರು ತಾವಾಗಿಯೇ ಬಾಯಿಬಿಟ್ಟರು. ಬಿಟ್ಟವರ ಜೊತೆ ವಾರಕ್ಕೊಮ್ಮೆ ಕೂರುವಂಥ ಒಂದು ಸಭೆ ಅವರಿಗೆ ಬೇಕಿತ್ತು.

ಇಂಥ ಸಭೆ ಅಂದರೆ ಏನು ಎಂದು ಕೇಳುತ್ತೀರಾ? 1935ರಲ್ಲಿ ಅಮೆರಿಕದ ಅಕ್ರಾನ್ ಎಂಬ ಊರಿನಲ್ಲಿ ಒಬ್ಬ ಷೇರು ವ್ಯವಹಾರದವರು, ಒಬ್ಬ ಶಸ್ತ್ರವೈದ್ಯರು, ಇಬ್ಬರೂ ಕುಡಿತಕ್ಕೆ ಸಿಕ್ಕಿ ನರಳಿದವರೇ, ಎದುರುಬದುರು ಕೂತು ಮಾತಾಡಿಕೊಂಡದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್‌ಗೆ ಮೊದಲಾಯಿತು. ಇದಕ್ಕೆ ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ, ಯಾವ ಜಾತಿ ಎಂದು ಕೇಳುವವರಿಲ್ಲ. ಬಿಡಬೇಕೆಂಬ ಆಸೆ ಒಂದಿದ್ದರೆ ಸಾಕು. ನಮ್ಮ ರಾಜ್ಯದಲ್ಲಿ ಇನ್ನೊಂದು ದಾರಿಯೂ ಉಂಟು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಹಳ್ಳಿಪಟ್ಟಣಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಮುಗಿಸಿ ಬಂದವರು ಸೇರುವುದಕ್ಕೆ ನವಜೀವನ ಸಮಿತಿಗಳಿವೆ. ಒಂದರಲ್ಲಿ ಭಜನೆ, ಪೂಜೆ ಇರುತ್ತದೆ. ಇನ್ನೊಂದರಲ್ಲಿ ದೇವರನ್ನು ಅವರವರ ತಿಳಿವಳಿಕೆಗೆ ಬಿಟ್ಟಿದ್ದಾರೆ. ಯಾವುದು ಮೇಲು ಎಂದು ಜಗಳ ಆಡುವುದು ಬೇಡ. ನಿಮ್ಮ ಮನೆಯವರು ಎಲ್ಲಿ ಬಾಯಿ ಬಿಡುತ್ತಾರೋ ಅದೇ ಮೇಲು.

ಅಕ್ಕನದು ಮೊದಲೇ ಒಂದು ಷರತ್ತು. "ತರೀಕೆರೆಯಲ್ಲಿ ಬೇಡ ಕಣೇ, ನಮ್ಮೋರೆಲ್ಲ ಅಲ್ಲೇ ಓಡಾಡ್ತಿರ್ತಾರೆ." ಕುಡಿದು ಬಿದ್ದದ್ದನ್ನು ಇಡೀ ಬೀದಿ ನೋಡಿರುವಾಗ, ಬಿಡಲು ಹೋಗುವುದನ್ನು ಮುಚ್ಚಿಡುವುದೇ? ನನಗಂತೂ ನಗು ಬಂತು. ಆದರೆ ಸಂಕೋಚ ಭಾವನವರದೂ ಹೌದು. ಅವರು ಕಾಲಿಡದ ಸಭೆಯಿಂದ ಏನು ಪ್ರಯೋಜನ? ಹಾಗೆಂದು ಬೇರೆ ಊರಿನ ಸಭೆಗಳನ್ನೂ ವಿಚಾರಿಸಿದೆವು.

ಆಗ ತಿಳಿದದ್ದು ಬಸ್ಸಿನ ವಿಷಯ. ಸಂಜೆ ಸಭೆ ಮುಗಿದು ಕಡೂರಿನಲ್ಲೋ ಬೀರೂರಿನಲ್ಲೋ ಮುಕ್ಕಾಲು ಗಂಟೆ ಬಸ್ಸು ಕಾಯಬೇಕೆಂದರೆ, ಆ ಮುಕ್ಕಾಲು ಗಂಟೆಯೇ ಅಪಾಯ. ಕತ್ತಲಾಗುತ್ತಿದ್ದಂತೆ ಅಂಗಡಿಯ ದೀಪ ಕರೆಯುತ್ತದೆ, ಹಳೆಯ ಗೆಳೆಯ ಹೆಗಲ ಮೇಲೆ ಕೈ ಹಾಕುತ್ತಾನೆ. ಆದ್ದರಿಂದ ಸಭೆ ಎಲ್ಲಿದೆ ಎಂದಷ್ಟೇ ಕೇಳಬೇಡಿ. ಎಷ್ಟು ಹೊತ್ತಿಗೆ ಬಿಡುತ್ತಾರೆ, ವಾಪಸು ಹೇಗೆ ಬರುತ್ತಾರೆ, ಅದನ್ನೂ ಕೇಳಿ. ಹಗಲಿನ ಸಭೆ ಸಿಕ್ಕಿದರೆ ಒಳ್ಳೆಯದು. ಒಂದೇ ಸಲ ಹೋಗಿ ಹಿಡಿಸಲಿಲ್ಲವೆಂದು ಬಿಟ್ಟುಬಿಡಬೇಡಿ. ನಾಲ್ಕಾರು ಸಲ ಕೂತು ನೋಡಲಿ. ಭಾವನವರು ಮೊದಲ ಎರಡು ವಾರ ಗೋಡೆ ನೋಡುತ್ತ ಕೂತಿದ್ದರು. ಮೂರನೆಯ ವಾರ ಅಡಿಕೆ ರೇಟಿನ ಬಗ್ಗೆ ಎರಡು ಮಾತು. ನಾಲ್ಕನೆಯ ವಾರ ತಮ್ಮದೇ ಕಥೆ.

ಸಭೆಗೆ ಮೊದಲು ವೈದ್ಯರನ್ನು ನೋಡಲೇಬೇಕು, ಇದನ್ನು ಮರೆಯಬೇಡಿ. ದಿನವೂ ಹೆಚ್ಚು ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಬುದ್ಧಿಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ಭಾವನವರಿಗೆ ಕೆಲವು ದಿನ ಆಸ್ಪತ್ರೆಯಲ್ಲಿ ಔಷಧಿ, ವಿಟಮಿನ್ ಕೊಟ್ಟ ಮೇಲೆಯೇ ಸಭೆಯ ಮಾತು. ಇನ್ನು ಗಂಡನಿಗೆ ಗೊತ್ತಾಗದಂತೆ ಕಾಫಿಯಲ್ಲೋ ಸಾರಿನಲ್ಲೋ ಪುಡಿ ಬೆರೆಸಿ ಎಂದು ಹೇಳುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ದಯವಿಟ್ಟು ಬೇಡ. ಡೈಸಲ್ಫಿರಾಂ ಎಂಬ ಮಾತ್ರೆ ತಿಂದದ್ದು ಗೊತ್ತಿಲ್ಲದೆ ಕುಡಿದರೆ ಎದೆ ಹೊಡೆದುಕೊಂಡು, ರಕ್ತದೊತ್ತಡ ಇಳಿದು ಜೀವಕ್ಕೇ ಬರಬಹುದು. ವೈದ್ಯರು ತಿಳಿಸಿ ಕೊಟ್ಟರೆ ಮಾತ್ರ ಅದು ಔಷಧಿ.

ವಿಳಾಸ ಎಲ್ಲಿ ಕೇಳುವುದು? ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ವಿಚಾರಿಸಿ. ಸ್ವಸಹಾಯ ಸಂಘದಲ್ಲಿದ್ದರೆ ಧರ್ಮಸ್ಥಳ ಯೋಜನೆಯ ಸೇವಾನಿರತರನ್ನು ಕೇಳಿ. ಫೋನಿನಲ್ಲಾದರೆ 14446, ಇದು ವ್ಯಸನಮುಕ್ತಿಯ ಸಹಾಯವಾಣಿ. 14416, ಇದು ಟೆಲಿ ಮನಸ್, ಮನಸ್ಸಿನ ಯಾವ ಕಷ್ಟಕ್ಕೂ ಆಗುತ್ತದೆ. ಎರಡಕ್ಕೂ ದುಡ್ಡಿಲ್ಲ.

ಹೆಂಡತಿಯರಿಗೂ ಬೇರೆ ಸಭೆಗಳಿವೆ, ಅಲ್-ಅನಾನ್ ಎಂದು. 1951ರಲ್ಲಿ ಆ ಷೇರು ವ್ಯವಹಾರದವರ ಹೆಂಡತಿಯೇ ಹುಟ್ಟುಹಾಕಿದ್ದು. ಬಾಟಲಿ ಹುಡುಕುವುದು, ಜೇಬು ತಡಕುವುದು, ನೆಂಟರಿಗೆ ಸುಳ್ಳು ಹೇಳುವುದು, ಇವೆಲ್ಲ ನಮ್ಮ ಮೈಗೂ ಹತ್ತಿದ ಕಾಯಿಲೆಯೇ. ಹತ್ತಿರದಲ್ಲಿ ಅಂಥ ಸಭೆ ಇಲ್ಲದಿದ್ದರೆ, ಹೊರಗಿನವರಿಗೂ ಬಾಗಿಲು ತೆರೆದಿರುವ ಸಭೆ ಯಾವುದೆಂದು ಕೇಳಿ ನೀವೂ ಕೂರಬಹುದು. ಅಕ್ಕ ಹೋಗಿ ಕೂತಳು. ಬರುವಾಗ ಬಸ್ಸಿನಲ್ಲಿ ಒಂದೇ ಮಾತು: "ಅವರೆಲ್ಲ ನಮ್ಮನೆ ವಿಷಯಾನೇ ಹೇಳ್ತಿದ್ರಲ್ಲೇ!"

ಕೊನೆಗೆ ಯಾವ ಊರಿನ ಸಭೆ ಒಪ್ಪಿಗೆಯಾಯಿತು ಎಂದು ಬರೆಯುವುದಿಲ್ಲ, ಅಲ್ಲಿ ಕೂರುವವರ ಗುಟ್ಟು ಅದು. ಭಾನುವಾರ ಹಗಲು ನಡೆಯುತ್ತದೆ, ಅಷ್ಟು ಹೇಳಬಲ್ಲೆ. ಕೊಯ್ಲಿನ ಕಾಲದಲ್ಲಿ ಕೈಯಲ್ಲಿ ಕಾಸು ಆಡುತ್ತದೆ, ಕೆಲಸದ ನೆಪದಲ್ಲಿ ಸಭೆ ತಪ್ಪುತ್ತದೆ. ಅದಕ್ಕೇ ಈ ಸಲ ಭಾನುವಾರ ಅಡಿಕೆ ಸುಲಿತ ಇಲ್ಲ ಎಂದು ಅಕ್ಕ ಆಳುಗಳಿಗೆ ಮೊದಲೇ ಹೇಳಿಟ್ಟಿದ್ದಾಳೆ.