ನೀರಿನ ಪಾಲುಗಾರರು

ಕಾಗವಾಡ, ಅಥಣಿಯ ಕಡೆಯವರು ಶೇಡಬಾಳದಲ್ಲೋ ಉಗಾರದಲ್ಲೋ ರೈಲು ಹತ್ತಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳನ್ನು ದಾಟಿ ಘಟಪ್ರಭೆಯಲ್ಲಿ ಇಳಿದರೆಂದರೆ, ಮನೆಯಲ್ಲಿ ಯಾರಿಗೋ ಮೈಯಲ್ಲಿ ಸ್ವಸ್ಥವಿಲ್ಲವೆಂದು ನೆರೆಯವರು ಊಹಿಸುವುದು ಸಹಜ. ಡಾ. ನಾ. ಸು. ಹರ್ಡೀಕರರ ಹೆಸರಿನೊಡನೆ ಬೆರೆತ ಕರ್ನಾಟಕ ಆರೋಗ್ಯಧಾಮವು ಆ ಊರಿಗೆ ತಂದ ಕೀರ್ತಿ ಅಂಥದು. ಆದರೆ ಟಿಕೇಟಿನ ಹಂಗಿಲ್ಲದೆ ಅಲ್ಲಿಗೆ ಹವೆ ಬದಲಾವಣೆಗೆ ಬರುವ ಅತಿಥಿಗಳೂ ಉಂಟು. ಚಳಿಗಾಲ ಕಾಲಿಟ್ಟಿತೆಂದರೆ ಮಧ್ಯ ಏಷ್ಯದ ಹುಲ್ಲುಗಾವಲುಗಳಿಂದ ಕ್ರೌಂಚಗಳು ಸಾಲುಗಟ್ಟಿ ಬಂದಿಳಿಯುತ್ತವೆ. ಬೂದುಬಣ್ಣದ ಮೈ, ಕಪ್ಪು ಕೊರಳು, ಕಣ್ಣಿನ ಹಿಂದೆ ಬೆಳ್ಳನೆಯ ತುರಾಯಿ, ನಡಿಗೆಯಲ್ಲಿ ರಾಜಗಾಂಭೀರ್ಯ. ಯುರೋಪಿನ ಬಿಳಿ ಕೊಕ್ಕರೆಗಳೂ ಇಲ್ಲಿಗೆ ಬರುವುದುಂಟು.

ಈ ಅತಿಥಿಗಳಿಗೆ ಬಿಡದಿ ಕಟ್ಟಿಸಿದವರು ಪಕ್ಷಿಪ್ರೇಮಿಗಳಲ್ಲ, ನೀರಾವರಿಯ ಎಂಜಿನಿಯರರು! ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಧೂಪದಾಳದ ಹತ್ತಿರ ಘಟಪ್ರಭೆಗೆ ಅಡ್ಡಲಾಗಿ ಒಡ್ಡು ಕಟ್ಟಿ, ಎಡದಂಡೆಯಿಂದ ಕಾಲುವೆ ತೋಡಿದರು. 1876-78ರ ಭೀಕರ ಕ್ಷಾಮವನ್ನು ಕಂಡಿದ್ದ ನಾಡಿಗೆ ಆ ನೀರು ಜೀವದಾನವೇ ಆಯಿತು. ಒಡ್ಡಿನ ಹಿಂದೆ ನಿಂತ ನೀರು, ಅದರ ನಡುವಿನ ನಡುಗಡ್ಡೆ, ಅಂಚಿನ ಜೊಂಡು, ಇವೆಲ್ಲ ಹಕ್ಕಿಗಳಿಗೆ ಮನೆಯಾದುವು. 1974ರಲ್ಲಿ 29.78 ಚದರ ಕಿಲೋಮೀಟರ್ ಪ್ರದೇಶವು ಪಕ್ಷಿಧಾಮವೆಂದು ಘೋಷಿತವಾಯಿತು. ಮೇಲುಗಡೆ, ಹಿಡಕಲ್ಲಿನಲ್ಲಿ, ಸುಮಾರು 51 ಟಿ.ಎಂ.ಸಿ. ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯ ನಿಂತಿದೆ. ಯೋಜನೆಯ ಕಾಲುವೆಗಳಲ್ಲಿ ಒಂದಕ್ಕೆ ಚಿಕ್ಕೋಡಿಯ ಹೆಸರೇ ಇದೆ.

ಹೀಗೆ ಒಂದೇ ಒಡ್ಡಿನ ಮಕ್ಕಳಾದ ಹೊಲಕ್ಕೂ ಹಕ್ಕಿಗೂ ಈಗ ಪಾಲಿನ ಮಾತು ಬಂದಿದೆ. ಕ್ರೌಂಚವು ಹಗಲಿನಲ್ಲಿ ಕೊಯ್ದ ಹೊಲದಲ್ಲಿ ಉದುರಿದ ಜೋಳ, ಕಡಲೆಗಳನ್ನು ಆಯ್ದು ತಿನ್ನುವ ಬಯಲ ಹಕ್ಕಿ. ಒಮ್ಮೊಮ್ಮೆ ನಿಂತ ಪೈರಿಗೂ ಬಾಯಿ ಹಾಕುವುದುಂಟು. ಅದು ಸಾಧುವೆಂದು ರೈತನ ಮುಂದೆ ವಾದಿಸುವುದು ಕಷ್ಟ. ಕಾಲುವೆಯ ನೀರು ಬಂದಲ್ಲಿ ಕಬ್ಬು ಬಂದಿತು. ಆಳೆತ್ತರದ ಕಬ್ಬಿನೊಳಗೆ ಆ ಹಕ್ಕಿ ನಡೆಯಲಾರದು, ಶತ್ರುವನ್ನು ಕಾಣಲಾರದು. ರಾತ್ರಿಯ ಪಾಡೂ ನಾಜೂಕಿನದೇ. ತೆಳುನೀರಿನಲ್ಲಿ ನಿಂತು ನಿದ್ರಿಸುವ ಕ್ರೌಂಚಕ್ಕೆ, ನೀರು ಹೆಚ್ಚಿದರೆ ಕಾಲೂರಲು ನೆಲವಿಲ್ಲ. ಬತ್ತಿದರೆ ನಾಯಿ, ನರಿಗಳಿಗೆ ದಾರಿ. ಅದಕ್ಕೆ ಬೇಕಾದದ್ದು ಗೇಣುದ್ದದ ನೀರು.

ಆದರೆ ಕಾಲುವೆಯ ಪಾಳಿ ಗೊತ್ತುಮಾಡುವ ಸಭೆಗೆ ಹಕ್ಕಿ ಅರ್ಜಿ ಹಾಕಲಾರದು. ನೀರನ್ನು ಕಬ್ಬಿನಿಂದ ಕಿತ್ತು ಹಕ್ಕಿಗೆ ಕೊಡಬೇಕೆಂದು ಯಾರೂ ಹೇಳುವುದಿಲ್ಲ. ಕಬ್ಬಿನಲ್ಲಿ ಎಷ್ಟೋ ಮನೆಗಳ ಮದುವೆ, ಮಕ್ಕಳ ಶಾಲೆ ಅಡಗಿವೆ. ಚಳಿಗಾಲದ ಮೂರು ನಾಲ್ಕು ತಿಂಗಳು ಒಡ್ಡಿನ ಹಿಂದೆ ಒಂದಿಷ್ಟು ತೆಳುನೀರು, ದಂಡೆಯ ಸುತ್ತ ಒಂದಿಷ್ಟು ಜೋಳ-ಕಡಲೆಯ ಬಯಲು ಲೆಕ್ಕದಲ್ಲಿ ಉಳಿದರೆ ಸಾಕು.

ಇದು ಈ ನಾಡಿಗೆ ಹೊಸ ಧರ್ಮವೇನಲ್ಲ. ಎಳ್ಳಮಾವಾಸ್ಯೆಯ ದಿನ ಇಲ್ಲಿಯ ರೈತರು ಮನೆಮಂದಿಯನ್ನೆಲ್ಲ ಹೊಲಕ್ಕೆ ಕರೆದೊಯ್ದು, ತಾವು ಉಣ್ಣುವ ಮೊದಲು ಪೈರಿನ ನಡುವೆ ಚರಗ ಚೆಲ್ಲುತ್ತಾರೆ. ದೂರದೇಶದ ಕ್ರೌಂಚಗಳು ಘಟಪ್ರಭೆಯ ದಂಡೆಯಲ್ಲಿರುವುದೂ ಅದೇ ಚಳಿಯ ದಿನಗಳಲ್ಲಿ. ಹೊಲದಲ್ಲಿ ಚೆಲ್ಲುವ ಚರಗದಂತೆ ನದಿಯಲ್ಲಿಯೂ ಒಂದು ಚರಗವನ್ನು ಬಿಡುವುದು ಅಷ್ಟು ದೊಡ್ಡ ಖರ್ಚೆ?